12ನೇ ಸುತ್ತಿನಲ್ಲಿ ಬಂದ ಹೆಸರು

ಹೋದ ವಾರ ಮಗನನ್ನು ಕ್ಯಾಂಪಿನಿಂದ ಮನೆಗೆ ಕರೆದುಕೊಂಡು ಬಂದೆವು. ಐದು ಗಂಟೆ ದಾರಿ. ಡಿಕ್ಕಿಯಲ್ಲಿ ಹಾಕಿ ಆಟದ ಬ್ಯಾಗು, ಅದರ ಒದ್ದೆ ವಾಸನೆ ಕಾರಿನ ತುಂಬಾ. ಮೊದಲ ಎರಡು ಗಂಟೆ ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಸೀಟಿನಿಂದ ಅವನೇ ಕೇಳಿದ, "ಅಮ್ಮ, ಮನೇಲಿ ಸಾರು ಇದೆಯಾ?"

ನನ್ನ ಮಗ 16ರ ಹುಡುಗ. ಐಸ್ ಹಾಕಿ ಆಡುತ್ತಾನೆ. ಈ ವರ್ಷ ಒಎಚ್‌ಎಲ್, ಅಂದರೆ ಕೆನಡಾದ ಒಂಟಾರಿಯೊ ಹಾಕಿ ಲೀಗ್‌ನ ಒಂದು ತಂಡ ಅವನನ್ನು ಆಯ್ಕೆ ಮಾಡಿತು. ಆಗಸ್ಟ್ ಕೊನೆಯಲ್ಲಿ ಕ್ಯಾಂಪಿಗೆ ಕರೆದು, ಆರನೇ ದಿನ "ಈ ವರ್ಷ ಬೇಡ" ಎಂದು ವಾಪಸ್ ಕಳಿಸಿತು. ಇಲ್ಲಿಗೆ ಬರಲು ನಮಗೆ ಒಂಬತ್ತು ವರ್ಷ ಹಿಡಿದಿದೆ. ದಾರಿಯಲ್ಲಿ ಎಷ್ಟೋ ವಿಷಯ ಗೊತ್ತಿಲ್ಲದೆ ಒದ್ದಾಡಿದೆವು. ಈ ವರ್ಷ ಯುಗಾದಿ ಊಟದ ದಿನ ಮೂರು ಮನೆಯವರು ನನ್ನನ್ನು ಪಕ್ಕಕ್ಕೆ ಕರೆದು "ನಮ್ಮ ಮಗುವಿಗೂ ಹಾಕಿ ಹುಚ್ಚು, ಏನು ಮಾಡಬೇಕು?" ಅಂತ ಕೇಳಿದರು. ನಿಂತಲ್ಲೇ ಹೇಳಿ ಮುಗಿಸುವ ಮಾತಲ್ಲ ಇದು. ಅದಕ್ಕೇ ನೆನಪು ಹಸಿಯಾಗಿರುವಾಗಲೇ ಕೂತು ಬರೆಯುತ್ತಿದ್ದೇನೆ.

ನಾನು ಹಾಸನದವಳು. ಹಾಕಿ ಅಂದರೆ ನನಗೆ ಗೊತ್ತಿದ್ದದ್ದು ಕೊಡಗಿನವರು ಮೈದಾನದಲ್ಲಿ ಆಡುವ ಆಟ. 2015ರ ಬೇಸಿಗೆಯಲ್ಲಿ ಟೊರೊಂಟೊ ಪಕ್ಕದ ಮಿಸ್ಸಿಸಾಗಾಕ್ಕೆ ಬಂದಾಗ ಮಗನಿಗೆ ಆರು ವರ್ಷ. ಆ ಚಳಿಗಾಲ ಶಾಲೆಯಿಂದ ಮಕ್ಕಳನ್ನು ಸ್ಕೇಟಿಂಗ್‌ಗೆ ಕರೆದುಕೊಂಡು ಹೋದರು. ಮನೆಗೆ ಬಂದವನು ಊಟ ಬಿಟ್ಟು ಬರೀ ಅದನ್ನೇ ಮಾತಾಡಿದ. ಮುಂದಿನ ವರ್ಷ 'ಫಸ್ಟ್ ಶಿಫ್ಟ್' ಎಂಬ ಕಾರ್ಯಕ್ರಮಕ್ಕೆ ಸೇರಿಸಿದೆವು. ಹಾಕಿ ಗೊತ್ತಿಲ್ಲದ ಮನೆಗಳ ಮಕ್ಕಳಿಗಾಗಿಯೇ ಇರುವಂಥದ್ದು ಅದು. ತಲೆಯಿಂದ ಪಾದದವರೆಗೆ ಎಲ್ಲ ಸಾಮಾನನ್ನೂ ಅದೇ ಫೀಸಿನಲ್ಲಿ ಕೊಡುತ್ತಾರೆ. ನಿಮ್ಮ ಮಗು ಚಿಕ್ಕದಾಗಿದ್ದರೆ ಇಲ್ಲಿಂದಲೇ ಶುರುಮಾಡಿ. ಅಂಗಡಿಗೆ ಹೋಗಿ ಎಲ್ಲವನ್ನೂ ಹೊಸದಾಗಿ ಕೊಂಡರೆ ಸುಮ್ನೆ ದುಡ್ಡು ದಂಡ. ಮಕ್ಕಳ ಪಾದ ಒಂದು ಸೀಸನ್‌ಗಿಂತ ಜಾಸ್ತಿ ಒಂದೇ ಅಳತೆಯಲ್ಲಿ ನಿಲ್ಲುವುದಿಲ್ಲ. ಆಮೇಲಿನ ನಾಲ್ಕು ವರ್ಷ ನಾವು ಸೆಕೆಂಡ್ ಹ್ಯಾಂಡ್ ಸ್ಕೇಟ್ಸನ್ನೇ ಕೊಂಡೆವು. ಹೆಲ್ಮೆಟ್ ಮತ್ತು ಕತ್ತಿನ ಪಟ್ಟಿ ಮಾತ್ರ ಯಾವಾಗಲೂ ಹೊಸದು.

ಸ್ಟಿಕ್ ಬಗ್ಗೆ ಒಂದು ಮಾತು. ಹಾಕಿ ಸ್ಟಿಕ್‌ನಲ್ಲಿ ಎಡ, ಬಲ ಎಂದು ಎರಡು ಬಗೆ. ಇಲ್ಲಿ ಬಲಗೈಯಲ್ಲಿ ಬರೆಯುವ ಎಷ್ಟೋ ಮಕ್ಕಳು ಎಡ ಸ್ಟಿಕ್ ಹಿಡಿಯುತ್ತಾರೆ. ನನ್ನ ಮಗ ಹಾಸನದ ಮನೆಯಂಗಳದಲ್ಲಿ ಅವನ ತಾತನ ಜೊತೆ ಕ್ರಿಕೆಟ್ ಆಡಿದ್ದವನು. ಸ್ಟಿಕ್ ಕೊಟ್ಟ ತಕ್ಷಣ ಬ್ಯಾಟಿನ ಹಾಗೇ ಹಿಡಿದ. ಎಡಗೈ ಮೇಲೆ, ಬಲಗೈ ಕೆಳಗೆ. ಅಂದರೆ ಬಲ ಸ್ಟಿಕ್. ಆಗ ನಮಗೆ ಅದರ ಬೆಲೆ ಗೊತ್ತಿರಲಿಲ್ಲ. ಬಲ ಸ್ಟಿಕ್ ಹಿಡಿದು ಡಿಫೆನ್ಸ್‌ನಲ್ಲಿ ಆಡುವ ಹುಡುಗರು ಕಡಿಮೆ, ಎಲ್ಲ ತಂಡಗಳೂ ಅಂಥವರನ್ನು ಹುಡುಕುತ್ತವೆ. ಆಯ್ಕೆಯಲ್ಲಿ ಅವನ ಹೆಸರು ಬರಲು ಅದೂ ಒಂದು ಕಾರಣ ಎಂದು ಆಮೇಲೆ ಒಬ್ಬ ಸ್ಕೌಟ್ ಹೇಳಿದರು. ಸ್ಕೌಟ್ ಅಂದರೆ ಹುಡುಗರನ್ನು ನೋಡಿ ಬರಲು ತಂಡಗಳು ಕಳಿಸುವ ಜನ. ತಾತ ಬದುಕಿದ್ದಿದ್ದರೆ ಅವರಿಗೆ ಇದನ್ನು ಹೇಳಬೇಕಿತ್ತು.

ಇಲ್ಲಿ ವಯಸ್ಸಿನ ಲೆಕ್ಕ ಹುಟ್ಟಿದ ವರ್ಷದ ಮೇಲೆ. ಯು9 (ಅಂದರೆ ಒಂಬತ್ತರೊಳಗಿನವರು), ಯು11, ಯು13, ಯು15, ಯು16, ಯು18 ಹೀಗೆ ಮೆಟ್ಟಿಲು. ಡಿಸೆಂಬರ್‌ನಲ್ಲಿ ಹುಟ್ಟಿದ ಮಗು ಜನವರಿಯಲ್ಲಿ ಹುಟ್ಟಿದ ಮಗುವಿನ ಜೊತೆಯಲ್ಲೇ ಆಡಬೇಕು. ಚಿಕ್ಕ ವಯಸ್ಸಿನಲ್ಲಿ ಆ ಹನ್ನೊಂದು ತಿಂಗಳ ಅಂತರ ಎದ್ದು ಕಾಣುತ್ತದೆ, ಹೆದರಬೇಡಿ. ಪ್ರತಿ ವಯಸ್ಸಿನಲ್ಲೂ ಹೌಸ್ ಲೀಗ್, ಅದರ ಮೇಲೆ ಎ, ಡಬಲ್ ಎ, ಟ್ರಿಪಲ್ ಎ ಎಂಬ ಮಟ್ಟಗಳು. ಟೊರೊಂಟೊ ಸುತ್ತಮುತ್ತ ಇದನ್ನೆಲ್ಲ ನಡೆಸುವುದು ಜಿಟಿಎಚ್‌ಎಲ್ ಎಂಬ ಲೀಗ್, 1911ರಿಂದ ಇದೆ. ಮಗ ಎರಡು ವರ್ಷ ಹೌಸ್ ಲೀಗ್ ಆಡಿದ. ಆಮೇಲೆ ಡಬಲ್ ಎ. ಟ್ರಿಪಲ್ ಎ ಸಿಕ್ಕಿದ್ದು 2022ರಲ್ಲಿ, ಅವನಿಗೆ 13 ಆದಮೇಲೆ.

ಅದಕ್ಕೂ ಮುಂಚೆ ಎರಡು ಸಲ ಟ್ರಿಪಲ್ ಎ ಟ್ರೈಔಟ್‌ನಲ್ಲಿ, ಅಂದರೆ ಆಯ್ಕೆ ಪರೀಕ್ಷೆಯಲ್ಲಿ, ಅವನನ್ನು ಕೈಬಿಟ್ಟರು. ಒಂದು ಕ್ಲಬ್ಬಿನಲ್ಲಿ ಮೂರು ದಿನ ದುಡ್ಡು ಕಟ್ಟಿ ಟ್ರೈಔಟ್ ಆಡಿಸಿದೆವು. ಆ ತಂಡದ ಜಾಗಗಳೆಲ್ಲ ಚಳಿಗಾಲದಲ್ಲೇ ಮಾತಾಗಿ ತುಂಬಿದ್ದವು ಅಂತ ಆಮೇಲೆ ತಿಳಿಯಿತು. ನನಗೆ ತುಂಬಾ ಸಿಟ್ಟು ಬಂತು. ಹತ್ತು ವರ್ಷದ ಮಗು ಮೂರು ದಿನ ನಿದ್ದೆಗೆಟ್ಟು ಆಡಿದೆ, ಇಲ್ಲದ ಜಾಗಕ್ಕೆ. ಇದನ್ನು ನೀವು ತಪ್ಪಿಸಿಕೊಳ್ಳಬಹುದು. ಟ್ರೈಔಟ್‌ಗೆ ಹೆಸರು ಕೊಡುವ ಮುಂಚೆ ಕೋಚಿಗೆ ನೇರವಾಗಿ ಕೇಳಿ, "ನಿಜವಾಗಿ ಎಷ್ಟು ಜಾಗ ಖಾಲಿ ಇದೆ? ಡಿಫೆನ್ಸ್‌ನಲ್ಲಿ ಎಷ್ಟು?" ಅಂತ. ಒಳ್ಳೆಯ ಕೋಚ್ ನಿಜ ಹೇಳುತ್ತಾರೆ. ನುಣುಚಿಕೊಂಡರೆ ಅದೇ ಉತ್ತರ.

ನಡುವೆ ಕೋವಿಡ್ ಬಂತು. 2020-21ರ ಇಡೀ ಸೀಸನ್ ಹೋಯಿತು. ಗ್ಯಾರೇಜಿನಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ ಗೋಡೆಗೆ ಪಕ್ (ಚೆಂಡಿನ ಬದಲಿನ ರಬ್ಬರ್ ಬಿಲ್ಲೆ) ಹೊಡೆಯುತ್ತಿದ್ದ. ಗೋಡೆಯ ಗುರುತುಗಳು ಇನ್ನೂ ಇವೆ.

ಈಗ ಕಾಗದಪತ್ರದ ಕಥೆ. ನಮ್ಮ ಕಡೆಯವರಿಗೆ ಇದು ಬಹಳ ಮುಖ್ಯ, ದಯವಿಟ್ಟು ಗಮನ ಕೊಟ್ಟು ಓದಿ.

2022ರಲ್ಲಿ ಟ್ರಿಪಲ್ ಎ ತಂಡ ಜನನ ಪ್ರಮಾಣಪತ್ರ ಕೇಳಿತು. ಫೈಲಿನಿಂದ ತೆಗೆದು ನೋಡಿದೆ. ಅಪ್ಪನ ಹೆಸರಿದೆ, ಅಮ್ಮನ ಹೆಸರಿದೆ, ಮಗುವಿನ ಹೆಸರಿನ ಜಾಗ ಖಾಲಿ! ನಮ್ಮಲ್ಲಿ ಆಸ್ಪತ್ರೆಯಿಂದಲೇ ಜನನ ನೋಂದಣಿ ಆಗುತ್ತದೆ, ನಾಮಕರಣ ಆಮೇಲೆ ಆಗುತ್ತದೆ, ಅಲ್ವಾ? ಹೆಸರು ಸೇರಿಸಲು ಯಾರೂ ಮತ್ತೆ ಕಚೇರಿಗೆ ಹೋಗುವುದಿಲ್ಲ. ಅಷ್ಟು ವರ್ಷ ಪಾಸ್‌ಪೋರ್ಟಿನಲ್ಲೇ ಕೆಲಸ ಆಗಿತ್ತು. ಭಾರತದ ನಿಯಮದ ಪ್ರಕಾರ ನೋಂದಣಿ ಆದ 15 ವರ್ಷದೊಳಗೆ ಹೆಸರು ಸೇರಿಸಬಹುದು. ನಮಗೆ ಎರಡು ವರ್ಷ ಬಾಕಿ ಇತ್ತು. ನನ್ನ ತಮ್ಮ ಹಾಸನದಲ್ಲಿ ಕಚೇರಿಗೆ ನಾಲ್ಕು ಸಲ ಅಲೆದ. ಪ್ರಮಾಣಪತ್ರ, ಶಾಲೆಯ ದಾಖಲೆ, ನಮ್ಮಿಬ್ಬರ ಗುರುತಿನ ಚೀಟಿಯ ನಕಲು, ನಾವು ಇಲ್ಲಿ ನೋಟರಿ ಮಾಡಿಸಿ ಕಳಿಸಿದ ಅಫಿಡವಿಟ್. ಶುಲ್ಕ ಏನೂ ಜಾಸ್ತಿ ಇಲ್ಲ, ಕಾಯುವುದೇ ಜಾಸ್ತಿ. ಏಳು ವಾರ ಹಿಡಿಯಿತು. ಇದನ್ನು ಓದುತ್ತಿರುವವರು ಇವತ್ತೇ ನಿಮ್ಮ ಮಕ್ಕಳ ಪ್ರಮಾಣಪತ್ರ ತೆಗೆದು ನೋಡಿ.

ಎರಡನೆಯದು ಹೆಸರಿನ ಗೊಂದಲ. ನಮ್ಮಲ್ಲಿ ಇನಿಷಿಯಲ್ ಇಡುತ್ತೇವೆ, ಸರ್‌ನೇಮ್ ಇಲ್ಲ. ಮಗನ ಭಾರತದ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇತ್ತು. ಹಾಗಿದ್ದರೆ ಕೆನಡಾದವರು ಇರುವ ಒಂದೇ ಹೆಸರನ್ನು ಸರ್‌ನೇಮ್ ಜಾಗಕ್ಕೆ ಹಾಕುತ್ತಾರೆ. ಶಾಲೆಯಲ್ಲಿ ಒಂದು ಹೆಸರು, ಆರೋಗ್ಯ ಕಾರ್ಡಿನಲ್ಲಿ ಇನ್ನೊಂದು ಕ್ರಮ, ಹಾಕಿ ನೋಂದಣಿಯಲ್ಲಿ ಮತ್ತೊಂದು. ಚಿಕ್ಕವನಿದ್ದಾಗ ಯಾರೂ ಕೇಳಲಿಲ್ಲ. ಅಮೆರಿಕದ ಕಾಲೇಜು ಆಟಕ್ಕೆ ಖಾತೆ ತೆರೆಯುವಾಗ ಶಾಲೆಯ ಅಂಕಪಟ್ಟಿಯೂ ಪಾಸ್‌ಪೋರ್ಟೂ ಹೊಂದಲಿಲ್ಲ ಅಂತ ಮೂರು ತಿಂಗಳು ನಿಂತುಬಿಟ್ಟಿತು. ಪೌರತ್ವ ಪಡೆಯುವ ಹೊತ್ತಿಗೇ ಹೆಸರು ಸರಿಮಾಡಿಸಿಕೊಳ್ಳಬೇಕಿತ್ತು. ನಾವು ಮಾಡಲಿಲ್ಲ.

ಮೂರನೆಯದು ವೀಸಾ. ಬಫಲೋ, ಡೆಟ್ರಾಯ್ಟ್ ಇಲ್ಲಿಗೆ ಹತ್ತಿರ. ಟೂರ್ನಿಗಳು ಗಡಿಯಾಚೆ ನಡೆಯುತ್ತಲೇ ಇರುತ್ತವೆ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಕೆನಡಾದ ಪಿಆರ್, ಅಂದರೆ ಕಾಯಂ ವಾಸದ ಹಕ್ಕು, ಇದ್ದರೂ ಅಮೆರಿಕದ ವೀಸಾ ಬೇಕು. ಅವನಿಗೆ ಒಂಬತ್ತು ವರ್ಷ ಇದ್ದಾಗ ಬಫಲೋ ಟೂರ್ನಿಗೆ ತಂಡವೆಲ್ಲ ಹೋಯಿತು. ನಮಗೆ ಸಂದರ್ಶನದ ದಿನಾಂಕ ಸಿಕ್ಕಿದ್ದು ಟೂರ್ನಿ ಮುಗಿದ ಮೇಲೆ. ಆ ಶನಿವಾರ ಅವನು ತಂಡದ ಜಾಕೆಟ್ ಹಾಕಿಕೊಂಡೇ ಮನೆಯಲ್ಲಿ ಕೂತಿದ್ದ. ಮಗು ಡಬಲ್ ಎ ಸೇರಿದ ದಿನವೇ ವೀಸಾಕ್ಕೆ ಅರ್ಜಿ ಹಾಕಿ.

ಟ್ರಿಪಲ್ ಎ ಬದುಕಿನ ಬಗ್ಗೆ ಹೇಳುತ್ತೇನೆ. ವಾರಕ್ಕೆ ಮೂರು ಪ್ರಾಕ್ಟೀಸ್, ಎರಡು ಪಂದ್ಯ, ಜೊತೆಗೆ ಜಿಮ್. ಒಮ್ಮೆ ಐಸ್‌ಲ್ಯಾಂಡ್ ಎಂಬ ರಿಂಕಿನಲ್ಲಿ (ಐಸ್ ಅಂಗಳ) ಆಟ, ಮರುದಿನ ಡೌನ್ಸ್‌ವ್ಯೂ ರಿಂಕಿನಲ್ಲಿ. ಪ್ರತಿ ಹತ್ತು ದಿನಕ್ಕೆ ಸ್ಕೇಟ್‌ಗೆ ಸಾಣೆ ಹಿಡಿಸಬೇಕು. ನಾನು ಆಫೀಸಿನಿಂದ ನೇರವಾಗಿ ಶಾಲೆಗೆ, ಅಲ್ಲಿಂದ ರಿಂಕಿಗೆ. ಕಾರಿನಲ್ಲೇ ಥರ್ಮಾಸ್‌ನಿಂದ ಬಿಸಿ ಅನ್ನ ಸಾರು. ಬೇರೆ ಹುಡುಗರು ರಿಂಕಿನ ಅಂಗಡಿಯ ಕರಿದ ಆಲೂಗಡ್ಡೆ ತಿನ್ನುತ್ತಿದ್ದರು. 14ರ ಹೊತ್ತಿಗೆ ಇವನೇ ಪಂದ್ಯದ ಹಿಂದಿನ ರಾತ್ರಿ "ಮುದ್ದೆ ಮಾಡಮ್ಮ" ಅನ್ನುತ್ತಿದ್ದ. ಬೆಂಗಳೂರಿಂದ ಬರುವವರ ಕೈಲಿ ರಾಗಿ ಹಿಟ್ಟು ತರಿಸುತ್ತಿದ್ದೆ.

ಖರ್ಚಿನ ಲೆಕ್ಕ ಎಲ್ಲರೂ ಕೇಳುತ್ತಾರೆ, ಹೇಳಲು ಎಲ್ಲರೂ ಮುಜುಗರ ಪಡುತ್ತಾರೆ. ನಮ್ಮದನ್ನು ಹೇಳಿಬಿಡುತ್ತೇನೆ. ಕಳೆದ ಸೀಸನ್‌ನಲ್ಲಿ ತಂಡದ ಫೀಸು 9,500 ಡಾಲರ್. ಟೂರ್ನಿಗಳ ಹೋಟೆಲು, ಪೆಟ್ರೋಲು ಸೇರಿ 4,000. ಸ್ಕೇಟಿಂಗ್ ಮತ್ತು ಜಿಮ್ ಕೋಚ್‌ಗೆ 3,200. ಸ್ಕೇಟ್ಸ್ 1,100. ಮುರಿದ ಸ್ಟಿಕ್‌ಗಳು ಐದು, ಒಂದೊಂದಕ್ಕೆ 300ರ ಹತ್ತಿರ. ಒಟ್ಟು 19 ಸಾವಿರ ದಾಟಿತು. ಇಬ್ಬರ ಸಂಬಳವಿದ್ದೂ ನಾವು ಮೂರು ವರ್ಷ ಊರಿಗೆ ಹೋಗಲಿಲ್ಲ. ಅತ್ತೆಯ 75ನೇ ಹುಟ್ಟುಹಬ್ಬಕ್ಕೆ ವಿಡಿಯೊದಲ್ಲೇ ಕೈಮುಗಿದೆವು. ಆ ನೋವು ಈಗಲೂ ಇದೆ. ಹೌಸ್ ಲೀಗ್ ಮಟ್ಟದಲ್ಲಿ ಕಷ್ಟ ಇರುವ ಮನೆಗಳಿಗೆ ಜಂಪ್‌ಸ್ಟಾರ್ಟ್ ಎಂಬ ದತ್ತಿ ಸಂಸ್ಥೆ ಸಹಾಯ ಮಾಡುತ್ತದೆ. ಕೇಳಲು ಸಂಕೋಚ ಬೇಡ. ಗೋಲ್‌ಕೀಪರ್ ಆಗುತ್ತೇನೆ ಅನ್ನುವ ಮಗುವಿದ್ದರೆ ಸಾಮಾನಿನ ಖರ್ಚು ಇದಕ್ಕಿಂತ ಬಹಳ ಜಾಸ್ತಿ.

ಮೈಗೆ ಮೈ ಡಿಕ್ಕಿ ಹೊಡೆಯುವ ಆಟ, ಬಾಡಿ ಚೆಕಿಂಗ್, ಯು15 ಮಟ್ಟದಿಂದ ಶುರು. 2013ರಿಂದ ಅದಕ್ಕಿಂತ ಚಿಕ್ಕವರಿಗೆ ದೇಶಾದ್ಯಂತ ನಿಷೇಧ ಇದೆ. 2023ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಡಮ್ ಜಾನ್ಸನ್ ಎಂಬ ಆಟಗಾರ ಕತ್ತಿಗೆ ಸ್ಕೇಟ್ ತಗುಲಿ ತೀರಿಕೊಂಡ. ಆ ವಾರ ನಾನು ರಿಂಕಿನ ಮೆಟ್ಟಿಲ ಮೇಲೆ ಕೂರಲಾಗದೆ ಹೊರಗೆ ಓಡಾಡಿದೆ. ಕತ್ತಿನ ಪಟ್ಟಿ ಇಲ್ಲಿ ಮಕ್ಕಳಿಗೆ ಕಡ್ಡಾಯ. ಬೆವರು, ಕಡಿತ ಅಂತ ಸಡಿಲ ಮಾಡಿಕೊಳ್ಳುತ್ತಾರೆ. ಐಸಿಗೆ ಇಳಿಯುವ ಮುಂಚೆ ನೀವೇ ನೋಡಿ.

2024ರ ಜನವರಿಯಲ್ಲಿ ನಮ್ಮವನಿಗೇ ಪೆಟ್ಟಾಯಿತು. ಮೂಲೆಯಲ್ಲಿ ಪಕ್‌ಗಾಗಿ ತಿರುಗಿದ, ಹಿಂದಿನಿಂದ ಬಂದ ಹುಡುಗ ಅಂಗಳದ ಸುತ್ತಲ ಗೋಡೆಗೆ ತಳ್ಳಿದ. ಎದ್ದು ನಿಂತ, ಬೆಂಚಿಗೆ ಬಂದ, ಆದರೆ ತಪ್ಪು ಬೆಂಚಿಗೆ ಬಂದ. ಅಷ್ಟು ದೂರದಿಂದಲೂ ನನಗೆ ಅರ್ಥವಾಯಿತು. ಒಂಟಾರಿಯೊದಲ್ಲಿ ರೋವನ್ಸ್ ಲಾ ಎಂಬ ಕಾನೂನಿದೆ. ರೋವನ್ ಸ್ಟ್ರಿಂಗರ್ ಎಂಬ 17ರ ಹುಡುಗಿ ರಗ್ಬಿ ಆಡುವಾಗ ತಲೆಗೆ ಮತ್ತೆ ಮತ್ತೆ ಪೆಟ್ಟಾಗಿ 2013ರಲ್ಲಿ ತೀರಿಕೊಂಡಳು. ಅವಳ ಹೆಸರಿನ ಕಾನೂನು ಅದು. ತಲೆಗೆ ಪೆಟ್ಟಿನ ಅನುಮಾನ ಬಂದರೆ ಮಗುವನ್ನು ತಕ್ಷಣ ಆಟದಿಂದ ಹೊರಗೆ ತರಬೇಕು. ಡಾಕ್ಟರ್ ಇಲ್ಲವೇ ನರ್ಸ್ ಪ್ರಾಕ್ಟೀಷನರ್ ಒಪ್ಪಿಗೆ ಇಲ್ಲದೆ ಪೂರ್ತಿ ಆಟಕ್ಕೆ ಮರಳುವಂತಿಲ್ಲ. ಪ್ರತಿ ವರ್ಷ ನೋಂದಣಿಯಲ್ಲಿ ನಾವು ಓದದೇ ಟಿಕ್ ಹಾಕುವ ಪುಟ ಇದೇ. ಓದಿ.

ಐದು ವಾರ ಮನೆಯಲ್ಲಿ. ಮೊದಲ ವಾರ ಪರದೆ ಎಳೆದ ಕೋಣೆ, ಫೋನ್ ಇಲ್ಲ. ಆಮೇಲೆ ನಡಿಗೆ, ಸೈಕಲ್, ಒಬ್ಬನೇ ಸ್ಕೇಟಿಂಗ್, ಡಿಕ್ಕಿ ಇಲ್ಲದ ಪ್ರಾಕ್ಟೀಸ್, ಹೀಗೆ ಮೆಟ್ಟಿಲು ಮೆಟ್ಟಿಲಾಗಿ. ಒಂದೊಂದು ಮೆಟ್ಟಿಲಿಗೂ ಕನಿಷ್ಠ ಒಂದು ದಿನ ಬೇಕು, ತಲೆನೋವು ಬಂದರೆ ಒಂದು ಹಿಂದೆ. ಒಬ್ಬ ಪೋಷಕರು "ಎರಡು ವಾರ ಸಾಕು, ಸ್ಕೌಟ್‌ಗಳು ಬರುವ ಸಮಯ" ಅಂದರು. ನನ್ನ ಗಂಡ ಯಾವತ್ತೂ ದನಿ ಎತ್ತದವರು, ಅವತ್ತು "ಸ್ಕೌಟ್ ಬರಲಿ ಬಿಡಲಿ, ತಲೆ ಒಂದೇ ಇರೋದು" ಅಂದರು. ಡಾಕ್ಟರ್ ಚೀಟಿಗೆ ಸರ್ಕಾರಿ ವಿಮೆ ಬರುವುದಿಲ್ಲ, ನಾವೇ 35 ಡಾಲರ್ ಕೊಟ್ಟೆವು.

ಇನ್ನು ಆಯ್ಕೆಯ ವರ್ಷ. 15 ತುಂಬುವ ವರ್ಷ ಶುರುವಾಗುವ ಯು16 ಸೀಸನ್‌ನಲ್ಲೇ ಒಎಚ್‌ಎಲ್ ಕಣ್ಣು ಇಡುತ್ತದೆ. ಒಎಚ್‌ಎಲ್‌ನಲ್ಲಿ 20 ತಂಡ. 16ರಿಂದ 20ರ ಹುಡುಗರು, ವರ್ಷಕ್ಕೆ 68 ಲೀಗ್ ಪಂದ್ಯ. ಸಂಬಳಕ್ಕೆ ಆಡುವ, ಅಂದರೆ ಪ್ರೊ, ಲೀಗುಗಳಲ್ಲಿ ಎಲ್ಲಕ್ಕಿಂತ ದೊಡ್ಡದಾದ ಎನ್‌ಎಚ್‌ಎಲ್‌ಗೆ ಹೋಗುವ ದೊಡ್ಡ ದಾರಿಗಳಲ್ಲಿ ಇದೊಂದು. ಅಲ್ಲಿನ ದೊಡ್ಡ ಆಟಗಾರ ಕಾನರ್ ಮೆಕ್‌ಡೇವಿಡ್ ಒಎಚ್‌ಎಲ್‌ನ ಈರಿ ತಂಡದಿಂದ ಹೋದವನು. 2025ರ ಎನ್‌ಎಚ್‌ಎಲ್ ಡ್ರಾಫ್ಟ್‌ನಲ್ಲಿ (ತಂಡಗಳು ಹೊಸ ಹುಡುಗರನ್ನು ಆರಿಸಿಕೊಳ್ಳುವ ಕಾರ್ಯಕ್ರಮ) ಮೊದಲನೆಯವನಾಗಿ ಆಯ್ಕೆಯಾದ ಮ್ಯಾಥ್ಯೂ ಶೇಫರ್ ಕೂಡ ಅದೇ ತಂಡದವನು.

ಸ್ಕೌಟ್‌ಗಳು ಮೂಲೆಯಲ್ಲಿ ಕಾಫಿ ಹಿಡಿದು ನಿಂತಿರುತ್ತಾರೆ, ಯಾರ ಹತ್ತಿರವೂ ಜಾಸ್ತಿ ಮಾತಾಡುವುದಿಲ್ಲ. ಹುಡುಗ ತಪ್ಪು ಮಾಡಿದ ಮೇಲೆ ಬೆಂಚಿನಲ್ಲಿ ಹೇಗಿರುತ್ತಾನೆ ಎಂಬುದನ್ನೂ ನೋಡುತ್ತಾರೆ. ಪೋಷಕರು ಕೂಗಾಡುವುದನ್ನೂ ನೋಡುತ್ತಾರೆ. ಮೂರು ತಂಡಗಳು ವಿಡಿಯೊ ಕರೆ ಮಾಡಿ ಅರ್ಧ ಗಂಟೆ ಮಾತಾಡಿದವು. ಅಂಕ ಎಷ್ಟು, ಎಷ್ಟು ಹೊತ್ತಿಗೆ ಮಲಗುತ್ತೀಯ, ನಿನ್ನ ತಂಡದಲ್ಲಿ ನಿನಗಿಂತ ಚೆನ್ನಾಗಿ ಆಡುವವರು ಯಾರು. ಅಂಥ ಪ್ರಶ್ನೆಗಳು.

ಇದೇ ಹೊತ್ತಿಗೆ 'ಫ್ಯಾಮಿಲಿ ಅಡ್ವೈಸರ್' ಎಂದು ಹೇಳಿಕೊಂಡು ಫೋನುಗಳು ಬರುತ್ತವೆ. ಇವರು ಮುಂದೆ ಏಜೆಂಟ್ ಆಗುವವರು. ಹುಡುಗ ಪ್ರೊ ಆಗುವವರೆಗೆ ಆ ಹೆಸರಿನಲ್ಲಿ ಇರುತ್ತಾರೆ. ಒಬ್ಬರು ಮೊದಲೇ ದುಡ್ಡು ಕೇಳಿದರು, ಅಲ್ಲಿಗೇ ನಮಸ್ಕಾರ ಹೇಳಿದೆವು. ಕೊನೆಗೆ ಒಪ್ಪಿದವರನ್ನು ಆರಿಸುವ ಮುಂಚೆ ಅವರ ಹಳೆಯ ಹುಡುಗರಲ್ಲಿ ಪ್ರೊ ಆಗದವರ ಪೋಷಕರ ಹತ್ತಿರ ಮಾತಾಡಿದೆವು. ಆ ಮಾತುಕತೆಯಿಂದ ನಮಗೆ ಸಿಕ್ಕಷ್ಟು ಬೇರೆ ಎಲ್ಲೂ ಸಿಗಲಿಲ್ಲ.

ಹಿಂದೆ ಈ ವಯಸ್ಸಿನಲ್ಲಿ ಒಂದು ದೊಡ್ಡ ಸಂಕಟ ಇತ್ತು. ಒಎಚ್‌ಎಲ್‌ನಲ್ಲಿ ಆಡಿದರೆ ಅಮೆರಿಕದ ಕಾಲೇಜು ಹಾಕಿಯ ಬಾಗಿಲು ಮುಚ್ಚುತ್ತಿತ್ತು. ಆ ಲೀಗಿನಲ್ಲಿ ಎನ್‌ಎಚ್‌ಎಲ್ ಕರಾರಿಗೆ ಸಹಿ ಹಾಕಿದ ಹುಡುಗರೂ ಆಡುತ್ತಾರೆ, ಆದ್ದರಿಂದ ಅಲ್ಲಿ ಆಡಿದವರೆಲ್ಲ ಪ್ರೊ ಎಂದು ಕಾಲೇಜು ಆಟ ನಡೆಸುವ ಎನ್‌ಸಿಎಎ ಲೆಕ್ಕ ಹಾಕುತ್ತಿತ್ತು. 15 ವರ್ಷದ ಮಗು ಓದೋ ಆಟವೋ ಅಂತ ಆಗಲೇ ತೀರ್ಮಾನ ಮಾಡಬೇಕು. ನಮ್ಮ ಮನೆಯಲ್ಲಿ ಇದೇ ಜಗಳ. ಗಂಡ ಕಾಲೇಜು ಅನ್ನುವವರು, ಮಗ ಒಎಚ್‌ಎಲ್ ಅನ್ನುವವನು, ನಾನು ನಡುವೆ. 2024ರ ನವೆಂಬರ್ 7ರಂದು ಎನ್‌ಸಿಎಎ ಆ ನಿಯಮವನ್ನು ಬದಲಿಸಿತು. 2025ರ ಆಗಸ್ಟ್ 1ರಿಂದ ಒಎಚ್‌ಎಲ್ ಆಡಿದವರೂ ಕಾಲೇಜಿಗೆ ಆಡಬಹುದು. 2025ರ ಬೇಸಿಗೆಯಲ್ಲಿ ಗ್ಯಾವಿನ್ ಮೆಕೆನ್ನಾ ಎಂಬ ದೊಡ್ಡ ಪ್ರತಿಭೆಯೇ, ಒಎಚ್‌ಎಲ್ ಥರದ್ದೇ ಪಶ್ಚಿಮದ ಲೀಗಿನ ಮೆಡಿಸಿನ್ ಹ್ಯಾಟ್ ತಂಡ ಬಿಟ್ಟು ಪೆನ್ ಸ್ಟೇಟ್ ಕಾಲೇಜಿಗೆ ಹೋದ. ನಿಯಮ ಬದಲಾದ ಸುದ್ದಿ ಬಂದ ರಾತ್ರಿ ನಮ್ಮ ಮನೆಯಲ್ಲಿ ಬಹಳ ದಿನಗಳ ಮೇಲೆ ಮೂವರೂ ಒಟ್ಟಿಗೆ ಕೂತು ಊಟ ಮಾಡಿದೆವು.

ಆದರೆ ಇದರಲ್ಲಿ ಎರಡು ಸೂಕ್ಷ್ಮ ಇದೆ. ಎನ್‌ಎಚ್‌ಎಲ್ ಕರಾರಿಗೆ ಸಹಿ ಹಾಕಿದರೆ ಕಾಲೇಜು ಆಟ ಈಗಲೂ ಇಲ್ಲ. ಮತ್ತೆ, ಎನ್‌ಸಿಎಎಗೆ 9ನೇ ಗ್ರೇಡಿನಿಂದಲೇ 16 ಮುಖ್ಯ ವಿಷಯಗಳು ಬೇಕು, ಅದರಲ್ಲಿ 10 ಹನ್ನೆರಡನೇ ಗ್ರೇಡಿಗೆ ಮುಂಚೆಯೇ ಮುಗಿದಿರಬೇಕು. ಹಾಕಿ ಸುಲಭವಾಗಲಿ ಎಂದು ಒಂದು ಶಾಲೆಯಲ್ಲಿ ಹಗುರ ವಿಷಯ ತೆಗೆದುಕೊಳ್ಳಲು ನಮಗೆ ಹೇಳಿದ್ದರು. ಕೇಳಿದ್ದರೆ ಒಂದು ಗಣಿತ ಕೈಬಿಡುತ್ತಿತ್ತು. ವಿಷಯ ಆರಿಸುವ ಮುಂಚೆ ಎನ್‌ಸಿಎಎ ಪಟ್ಟಿಯಲ್ಲಿ ನಿಮ್ಮ ಶಾಲೆಯ ಯಾವ ವಿಷಯ ಒಪ್ಪಿತವಾಗಿದೆ ಎಂದು ನೀವೇ ನೋಡಿಕೊಳ್ಳಿ.

ಒಎಚ್‌ಎಲ್ ಆಯ್ಕೆ ಎರಡು ದಿನ ನಡೆಯಿತು. ತಂಡಗಳು ಸರದಿಯ ಮೇಲೆ ಒಬ್ಬೊಬ್ಬರನ್ನೇ ಆರಿಸುತ್ತವೆ, ಎಲ್ಲ ತಂಡಗಳ ಸರದಿ ಒಮ್ಮೆ ಮುಗಿದರೆ ಒಂದು ಸುತ್ತು. ಶುಕ್ರವಾರ ರಾತ್ರಿ ಮೊದಲ ಸುತ್ತು, ಉಳಿದದ್ದು ಶನಿವಾರ. ಎಲ್ಲ ಆನ್‌ಲೈನ್. ಅಡ್ವೈಸರ್ "ಆರರಿಂದ ಒಂಬತ್ತನೇ ಸುತ್ತು" ಅಂದಿದ್ದರು. ಆ ಮಾತನ್ನು ಮಗನ ಮುಂದೆ ಹೇಳಬಾರದಿತ್ತು. ಶನಿವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಮುಂದೆ ಕೂತೆವು. ಆರು ಹೋಯಿತು, ಏಳು ಹೋಯಿತು. ಒಂಬತ್ತರಲ್ಲಿ ಅವನ ಜೊತೆಯ ಹುಡುಗನ ಹೆಸರು ಬಂತು. ಮಗ ಅವನಿಗೆ ಮೆಸೇಜ್ ಕಳಿಸಿ, ಎದ್ದು ಹಿತ್ತಲಿಗೆ ಹೋದ. ಕಿಟಕಿಯಿಂದ ನೋಡಿದೆ. ಸುಮ್ನೆ ನಿಂತಿದ್ದ. ಹೋಗಿ ಮಾತಾಡಿಸಲಾ ಅಂದರೆ ಗಂಡ "ಬೇಡ, ಬಿಡು" ಅಂದರು. 12ನೇ ಸುತ್ತಿನಲ್ಲಿ ಫೋನ್ ಬಡಿದುಕೊಂಡಿತು. ತಂಡದವರು ನೇರವಾಗಿ ಅವನಿಗೇ ಮಾಡಿದ್ದರು. ಆಮೇಲೆ ತೆರೆಯ ಮೇಲೆ ಹೆಸರು ಬಂತು, ಸರ್‌ನೇಮ್ ಮೊದಲು, ಹೆಸರು ಆಮೇಲೆ, ಅದೇ ಗೊಂದಲದ ಕ್ರಮದಲ್ಲಿ. ಹಾಸನದಲ್ಲಿ ರಾತ್ರಿ ಹನ್ನೊಂದೂವರೆ ಆಗಿತ್ತು. ಅಮ್ಮ ಎದ್ದೇ ಇದ್ದರು. "ಆಯ್ತಾ? ಅನ್ನ ತಿನ್ನಿಸು ಮಗೂಗೆ" ಅಂದರು.

ಹೆಸರು ಬರದಿದ್ದರೂ ದಾರಿ ಮುಗಿಯುವುದಿಲ್ಲ. ಹೆಸರು ಬಾರದ ಹುಡುಗರನ್ನೂ ಕ್ಯಾಂಪಿಗೆ ಕರೆಯುತ್ತಾರೆ. ಪಶ್ಚಿಮ ಕೆನಡಾದ ಸರ್ರೆಯ ಪಂಜಾಬಿ ಹುಡುಗ ಅರ್ಷದೀಪ್ ಬೈನ್ಸ್‌ನನ್ನು ಎನ್‌ಎಚ್‌ಎಲ್ ಡ್ರಾಫ್ಟ್‌ನಲ್ಲಿ ಯಾರೂ ಆರಿಸಲಿಲ್ಲ. 2021-22ರಲ್ಲಿ ಪಶ್ಚಿಮದ ಜೂನಿಯರ್ ಲೀಗಿನಲ್ಲಿ 112 ಪಾಯಿಂಟ್ ಗಳಿಸಿ ಎಲ್ಲರಿಗಿಂತ ಮುಂದೆ ನಿಂತ. ವ್ಯಾಂಕೂವರ್ ಕೆನಕ್ಸ್ ಕರೆದು ಸಹಿ ಹಾಕಿಸಿತು, 2024ರಲ್ಲಿ ಎನ್‌ಎಚ್‌ಎಲ್‌ನಲ್ಲಿ ಆಡಿದ. ಮಗನ ಕೋಣೆಯ ಗೋಡೆಯಲ್ಲಿ ಅವನ ಚಿತ್ರವಿದೆ.

ಆಯ್ಕೆಯಾದ ಮೇಲೆ ಒಂದು ವಾರಾಂತ್ಯ ಪರಿಚಯದ ಕ್ಯಾಂಪು. ಅಲ್ಲಿ ಪೋಷಕರಿಗೂ ಸಭೆ ಇತ್ತು. ತಂಡಕ್ಕೆ ಸೇರಿದ ಹುಡುಗರು ಆ ಊರಿನ ಒಂದು ಕುಟುಂಬದ ಮನೆಯಲ್ಲಿ ಇರುತ್ತಾರೆ, ಅದಕ್ಕೆ ಬಿಲೆಟ್ ಅನ್ನುತ್ತಾರೆ. ಶಾಲೆಯೂ ಅಲ್ಲೇ. ಸ್ಟಿಕ್ಕು, ಸ್ಕೇಟು ತಂಡದ್ದೇ, ಸಣ್ಣ ಖರ್ಚಿಗೆ ಸ್ವಲ್ಪ ಹಣ ಕೊಡುತ್ತಾರೆ. ಆಡಿದ ಒಂದೊಂದು ವರ್ಷಕ್ಕೆ ಮುಂದೆ ಒಂದು ವರ್ಷದ ಕಾಲೇಜು ಫೀಸು ಕೊಡುವ ಒಪ್ಪಂದ. ಇದನ್ನು ವಕೀಲರಿಗೆ ತೋರಿಸಿ. ಎಷ್ಟು ದಿನದೊಳಗೆ ಬಳಸಬೇಕು, ಪ್ರೊ ಕರಾರಿಗೆ ಸಹಿ ಹಾಕಿದರೆ ಏನಾಗುತ್ತದೆ, ಗಾಯವಾದರೆ ಏನು, ಈ ಮೂರನ್ನೂ ಕೇಳಿ. ನಾನು ಸಭೆಯಲ್ಲಿ "ಮನೆಯಲ್ಲಿ ಮಾಂಸ ತಿನ್ನುವುದಿಲ್ಲ, ಬಿಲೆಟ್ ಮನೆಯಲ್ಲಿ ಏನು ಮಾಡಬೇಕು?" ಎಂದು ಕೇಳಿದೆ. ಒಬ್ಬ ಬಿಲೆಟ್ ತಾಯಿ ಎದ್ದು ಬಂದು "ನೀವು ಬರೆದುಕೊಡಿ, ನಾನು ಕಲಿಯುತ್ತೇನೆ" ಅಂದರು. ಎಂಥ ಒಳ್ಳೆಯ ಹೆಣ್ಣುಮಗಳು! ಸಾರಿನ ಪುಡಿಯ ಪೊಟ್ಟಣವನ್ನೂ ಕೊಟ್ಟು ಬಂದಿದ್ದೇನೆ.

ದೊಡ್ಡ ಕ್ಯಾಂಪು ಆಗಸ್ಟ್ ಕೊನೆಗೆ. ಮೊದಲ ದಿನ ಓಟ, ಜಿಗಿತ, ತೂಕದ ಪರೀಕ್ಷೆ. ಆಮೇಲೆ ತಮ್ಮತಮ್ಮಲ್ಲೇ ಪಂದ್ಯ. ಅವನ ಎದುರು 19, 20ರ ಹುಡುಗರು, ಗಡ್ಡ ಬಂದವರು. ನಿಯಮ ಬದಲಾದ ಮೇಲೆ ಅಮೆರಿಕದ ಲೀಗುಗಳಿಗೆ ಹೋಗಬೇಕಿದ್ದ ಒಳ್ಳೆಯ ಹುಡುಗರೂ ಇಲ್ಲಿಗೇ ಬರುತ್ತಿದ್ದಾರೆ. ನಮಗೆ ನೆಮ್ಮದಿ ಕೊಟ್ಟ ಅದೇ ನಿಯಮ 16ರ ಹುಡುಗರ ಜಾಗವನ್ನು ಬಿಗಿ ಮಾಡಿದೆ. ಆರನೇ ದಿನ ಬೆಳಿಗ್ಗೆ ಒಬ್ಬೊಬ್ಬರನ್ನೇ ಕರೆದರು. ನಮ್ಮವನ ಮಾತುಕತೆ ನಾಲ್ಕು ನಿಮಿಷ. ಪಾದಗಳು ವೇಗ ಆಗಬೇಕು, ಏಳು ಕಿಲೊ ತೂಕ ಬರಬೇಕು, ಮುಂದಿನ ವರ್ಷ ನೋಡೋಣ. ಅವನನ್ನು ಒಎಚ್‌ಎಲ್‌ನಲ್ಲಿ ಆಡಿಸುವ ಹಕ್ಕು ಅವರ ಹತ್ತಿರವೇ ಇರುತ್ತದೆ. ಹೊರಗೆ ಬಂದು ನನಗೆ ಫೋನ್ ಮಾಡಿದ. "ಬಿಟ್ರಮ್ಮ" ಅಂದ, ಅಷ್ಟೇ.

ಮುಂದೆ ಏನು ಅಂತ ಕೇಳುವವರಿಗೆ ನಮಗೆ ಅಡ್ವೈಸರ್ ಬಿಡಿಸಿ ಹೇಳಿದ್ದನ್ನೇ ಹೇಳುತ್ತೇನೆ. 18ಕ್ಕೆ ಎನ್‌ಎಚ್‌ಎಲ್ ಡ್ರಾಫ್ಟ್, 32 ತಂಡ, 7 ಸುತ್ತು, ಇಡೀ ಜಗತ್ತಿನಿಂದ 224 ಹುಡುಗರು. ಆಯ್ಕೆಯಾದ ದಿನ ಸಂಬಳ ಬರುವುದಿಲ್ಲ, ತಂಡಕ್ಕೆ ಹಕ್ಕು ಸಿಗುತ್ತದೆ ಅಷ್ಟೇ. ಸಹಿ ಹಾಕಿದ ಮೇಲೂ ಹೆಚ್ಚಿನವರು ಮೊದಲು ಒಂದು ಮೆಟ್ಟಿಲು ಕೆಳಗಿನ ಪ್ರೊ ಲೀಗ್ ಎಎಚ್‌ಎಲ್‌ನಲ್ಲಿ ಆಡುತ್ತಾರೆ, ಅದರ ಕೆಳಗೆ ಇಸಿಎಚ್‌ಎಲ್. ಸ್ವೀಡನ್, ಫಿನ್ಲೆಂಡ್, ಜರ್ಮನಿಯಲ್ಲಿ ಒಳ್ಳೆಯ ಲೀಗುಗಳಿವೆ, ಅಲ್ಲಿ ಆಡಿ ಬದುಕು ಕಟ್ಟಿಕೊಂಡವರು ಬೇಕಾದಷ್ಟು ಜನ. ಕಾಲೇಜು ಮುಗಿಸಿ 23ಕ್ಕೆ ಪ್ರೊ ಆಗುವವರೂ ಇದ್ದಾರೆ. ಹೆಣ್ಣುಮಕ್ಕಳ ದಾರಿಯೇ ಬೇರೆ. ಅವರಿಗೆ ಒಎಚ್‌ಎಲ್ ಥರದ್ದು ಇಲ್ಲ, ಕಾಲೇಜು ಹಾಕಿಯೇ ಮುಖ್ಯ ಮೆಟ್ಟಿಲು. 2024ರ ಜನವರಿಯಿಂದ ಪಿಡಬ್ಲ್ಯುಎಚ್‌ಎಲ್ ಎಂಬ ಪ್ರೊ ಲೀಗ್ ಅವರಿಗೂ ಬಂದಿದೆ. ಗೆಳತಿಯ ಮಗಳು ಯು15ರಲ್ಲಿ ಆಡುತ್ತಾಳೆ, ಅವಳ ಮುಖದ ಬೆಳಕು ನೋಡಬೇಕು.

ನಾವೀಗ ಒಂದು ವರ್ಷಕ್ಕಿಂತ ಆಚೆ ಲೆಕ್ಕ ಹಾಕುವುದನ್ನು ಬಿಟ್ಟಿದ್ದೇವೆ. ಈ ವರ್ಷ ಅವನು ಯು18 ಟ್ರಿಪಲ್ ಎ ಆಡುತ್ತಾನೆ. ಹತ್ತಿರದ ಒಂದು ಜೂನಿಯರ್ ಎ (ಒಎಚ್‌ಎಲ್‌ಗಿಂತ ಕೆಳಗಿನ ಮೆಟ್ಟಿಲು) ತಂಡ ಬೇಕಾದಾಗ ಕರೆಯುವ ಆಟಗಾರ ಎಂದು ಕಾರ್ಡಿಗೆ ಸಹಿ ಹಾಕಿಸಿಕೊಂಡಿದೆ. ಗಣಿತ 11ನೇ ಗ್ರೇಡಿನದು, ಟ್ಯೂಷನ್ ಮಂಗಳವಾರ. ಏಳು ಕಿಲೊಗಾಗಿ ನಾನು ಬೆಳಿಗ್ಗೆ ತುಪ್ಪ ಹಾಕಿ ರಾಗಿ ಗಂಜಿ ಕೊಡುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಪ್ರಾಕ್ಟೀಸ್ ಆರಕ್ಕೆ. ಅವನಿಗೀಗ ಕಲಿಕೆಯ ಲೈಸೆನ್ಸ್ ಇದೆ. ಮಧ್ಯರಾತ್ರಿಯಿಂದ ಐದರವರೆಗೆ ಓಡಿಸುವಂತಿಲ್ಲ, ಹೈವೇ 401 ಹತ್ತುವಂತಿಲ್ಲ. ಐದೂಕಾಲಿಗೆ ಹೊರಟೆವು. ಒಂಬತ್ತು ವರ್ಷ ನಾನು ಕೂತ ಜಾಗದಲ್ಲಿ ಅವನು ಕೂತ, ನಾನು ಪಕ್ಕದಲ್ಲಿ. ಒಳರಸ್ತೆಯಲ್ಲಿ ನಿಧಾನಕ್ಕೆ ಓಡಿಸಿದ. ರಿಂಕಿನ ಹತ್ತಿರ ನಿಲ್ಲಿಸಿ ಬ್ಯಾಗು ಹೆಗಲಿಗೇರಿಸಿಕೊಂಡು, "ನೀನು ಮಲಗಮ್ಮ ಕಾರಲ್ಲೇ, ಚಳಿ ಇದೆ" ಅಂತ ಹೀಟರ್ ಹಾಕಿ ಕೊಟ್ಟು ಒಳಗೆ ಹೋದ.